ಕ್ಯಾಂಪರ್‌ವ್ಯಾನ್‌ನಲ್ಲಿ ಇಬ್ಬರೇ ಗುಂಡ್ಲುಪೇಟೆ ಕಡೆ ಹೊರಟರೆ

ಕ್ಯಾಂಪರ್‌ವ್ಯಾನ್ ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ವ್ಯಾನ್. ಅದರಲ್ಲಿ ಹೊರಡುವುದಾದರೆ ಜುಲೈನಲ್ಲಿ ಹೋಗಿ. ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು ಆಗ ಅರಳಿರುತ್ತವೆ, ನೋಡೋಕೆ ಎರಡು ಕಣ್ಣು ಸಾಲದು. ಹೊಲಕ್ಕೆ ಇಳಿಯುವ ಮೊದಲು ರೈತರನ್ನು ಕೇಳಿ.

ವ್ಯಾನ್ ರಿವರ್ಸ್ ತೆಗೆಯುವಾಗಲೇ ಜಾಸ್ತಿ ಜಗಳ. ಒಬ್ಬರು ಇಳಿದು ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಕೈಸನ್ನೆ ಮಾಡಬೇಕು, ಬಾಯಿಮಾತು ಬೇಡ. ಒಮ್ಮೆ ಟೀ ಅಂಗಡಿಯವರು ನಮ್ಮನ್ನು "ಬನ್ನಿ ಬನ್ನಿ" ಅಂತ ಟೀಗೆ ಕರೆದರು, ನಮ್ಮ ಮನೆಯವರು ಅದು ನನ್ನ ದನಿ ಅಂದುಕೊಂಡು ಹಿಂದೆ ಹಿಂದೆ ಬಂದು ಬೇಲಿಗೇ ತಾಗಿಸಿಬಿಟ್ಟರು. "ರೀ, ನಿಲ್ಲಿಸಿ!" ಅಂದೆ, ಆಮೇಲೆ ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ರಾತ್ರಿ ಮಲಗುವ ಜಾಗ ಸಮತಟ್ಟಾಗಿರಲಿ. ನೀರಿನ ಬಾಟಲಿಯನ್ನು ನೆಲದ ಮೇಲೆ ಅಡ್ಡ ಮಲಗಿಸಿ ನೋಡಿ, ಉರುಳಿದರೆ ನೀವೂ ಉರುಳುತ್ತೀರಿ. ಸ್ವಲ್ಪ ಇಳಿಜಾರು ಇದ್ದೇ ಇದ್ದರೆ ತಲೆ ಎತ್ತರದ ಕಡೆಗೆ ಇರಲಿ.

ಒಲೆ ಹಚ್ಚುವಾಗ ಬಾಗಿಲು ತೆರೆದಿಡಿ. ಚಳಿ ಅಂತ ಒಲೆ ಉರಿಸಿ ಬಾಗಿಲು ಹಾಕಿ ಮಲಗಬೇಡಿ, ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ಜೀವ ಹೋಗಬಹುದು.

ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಆದ್ದರಿಂದ ಸಂಜೆಯೇ ದಾಟಿ. ನಡುವೆ ಎಲ್ಲೂ ನಿಲ್ಲಿಸಬೇಡಿ, ಜಿಂಕೆ ಎಷ್ಟೇ ಮುದ್ದಾಗಿದ್ದರೂ ಬಿಸ್ಕತ್ತು ಕೊಡಬೇಡಿ. ಗೋಪಾಲಸ್ವಾಮಿ ಬೆಟ್ಟಕ್ಕೆ ವ್ಯಾನ್ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ ಹತ್ತಿ. ಆ ಒಂದು ದಾರಿಯಲ್ಲಾದರೂ ಇಬ್ಬರಿಗೂ ಕಿಟಕಿ ಪಕ್ಕ ಆರಾಮಾಗಿ ಕೂರುವ ಭಾಗ್ಯ!