ನಂದಿ ರೈಡ್‌ಗೆ ಹೊರಡೋ ಮುಂಚೆ ವಾಲ್ವ್ ನೋಡ್ಕೊಳ್ಳಿ

ಭಾನುವಾರ ನಸುಕಲ್ಲೇ ನಂದಿ ಬೆಟ್ಟದ ಕಡೆ ಸೈಕಲ್ ತಿರುಗಿಸೋರಿಗೆ ಒಂದು ಮಾತು. ಅಷ್ಟೊತ್ತಲ್ಲಿ ದಾರೀಲಿ ಪಂಕ್ಚರ್ ಅಂಗಡಿ ತೆರೆದಿರೋದು ಕಷ್ಟ. ತೆರೆದಿದ್ರೂ ರೋಡ್ ಬೈಕಿನ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್‌ಗೆ ಅಲ್ಲಿನ ಪಂಪ್ ಸಾಮಾನ್ಯವಾಗಿ ಕೂರಲ್ಲ, ಅದು ಸ್ಕೂಟರ್, ಕಾರಿನ ವಾಲ್ವ್‌ಗೆ ಮಾಡಿದ್ದು. ಬೆರಳ ತುದಿಯಷ್ಟು ಚಿಕ್ಕ ಹಿತ್ತಾಳೆ ಅಡಾಪ್ಟರ್ ಸಿಗುತ್ತೆ, ಸೀಟ್ ಕೆಳಗಿನ ಚೀಲದಲ್ಲಿ ಹಾಕಿಡಿ. ಗಾಳಿ ಹೊಡೆಯೋ ಮುಂಚೆ ವಾಲ್ವ್ ತುದಿಯ ಪುಟ್ಟ ನಟ್ಟು ಸಡಿಲಿಸಿ, ಇಲ್ಲಾಂದ್ರೆ ಎಷ್ಟು ಒತ್ತಿದ್ರೂ ಒಳಗೆ ಹೋಗಲ್ಲ.

ಪಂಕ್ಚರ್ ಆದ್ರೆ ಅವಸರಕ್ಕೆ ಹೊಸ ಟ್ಯೂಬ್ ತುರುಕಬೇಡಿ. ಟಯರ್ ಒಳಗೆ ಬೆರಳು ನಿಧಾನಕ್ಕೆ ಆಡಿಸಿ. ಜಾಲಿ ಮುಳ್ಳಿನ ಮೊನೆ, ಲಾರಿ ಟಯರಿಂದ ಉದುರಿದ ಕೂದಲೆಳೆಯಂಥ ತಂತಿ ಅಲ್ಲೇ ಕೂತಿರುತ್ತೆ, ಹೊಸ ಟ್ಯೂಬನ್ನೂ ತಿನ್ನುತ್ತೆ. ಟಯರ್ ಹಾಕುವಾಗ ಕಂಪನಿ ಹೆಸರು ಸರಿಯಾಗಿ ವಾಲ್ವ್ ಹತ್ರ ಬರೋ ಹಾಗೆ ಕೂರಿಸಿದ್ರೆ, ಟ್ಯೂಬಿನ ತೂತು ನೋಡಿ ಮುಳ್ಳು ಎಲ್ಲಿದೆ ಅಂತ ಸಲೀಸಾಗಿ ಗೊತ್ತಾಗುತ್ತೆ. ಅಕ್ಕಪಕ್ಕ ಎರಡು ತೂತಿದ್ರೆ ಮುಳ್ಳಲ್ಲ, ಗಾಳಿ ಕಮ್ಮಿಯಿದ್ದು ಗುಂಡಿಗೆ ರಿಮ್ ಬಡಿದಿರೋದು. ಟಯರ್ರೇ ಸೀಳಿದ್ರೆ ಹತ್ತು ರೂಪಾಯಿ ನೋಟು ಮಡಚಿ ಒಳಗಿಡಿ, ಮನೆ ತಲುಪಬಹುದು.

ಚೈನ್ ಕಳಚಿದ್ರೆ ಹಿಂದಿನ ಡಿರೈಲರ್, ಅಂದ್ರೆ ಹಿಂದಿನ ಚಕ್ರದ ಹತ್ರ ಗೇರ್ ಬದಲಿಸೋ ತೋಳು, ಮುಂದಕ್ಕೆ ತಳ್ಳಿ, ಚೈನ್ ಸಡಿಲಾಗುತ್ತೆ. ಆಮೇಲೆ ಹಲ್ಲಿಗೆ ಸಿಕ್ಕಿಸಿ ಪೆಡಲ್ ಕೈಯಲ್ಲೇ ತಿರುಗಿಸಿ.

ಬ್ರೇಕ್ ಪ್ಯಾಡ್ ಹಿಂದಿನ ರಾತ್ರಿಯೇ ನೋಡಿ, ಇಳಿಜಾರಲ್ಲಿ ನೋಡೋಕಾಗಲ್ಲ. ಹಾಂ, ಗುಂಪಲ್ಲಿ ಒಬ್ಬರ ಹತ್ರ ಪಂಪ್ ಇದ್ರೆ ಸಾಕು ಅನ್ಕೋಬೇಡಿ, ಘಾಟಿ ಹತ್ತುವಾಗ ಅವರೇ ಎಲ್ಲರಿಗಿಂತ ಮುಂದಿರ್ತಾರೆ.