ಜಾಲಿಕಾಯಿ ಒಣಗುವ ಊರಿನಲ್ಲಿ ನನ್ನ ವಾರಾಂತ್ಯಗಳು

ಅರಿಜೋನಾದ ಟೂಸಾನ್ ನಗರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ, ಜೂನ್ ತಿಂಗಳ ಒಂದು ಭಾನುವಾರ, ತಿಂಡಿ ಮುಗಿಸಿಕೊಂಡು ಒಂಬತ್ತು ಗಂಟೆಗೆ ತೂಮಮಾಕ್ ಗುಡ್ಡ ಹತ್ತಲು ಹೊರಟೆ. ಚಳ್ಳಕೆರೆಯ ಬಿಸಿಲಿನಲ್ಲಿ ಬೆಳೆದವನಿಗೆ ಈ ಬಿಸಿಲು ಏನು ಮಾಡೀತು ಎಂಬ ಧೈರ್ಯ ನನ್ನದಾಗಿತ್ತು. ಒಂದೂವರೆ ಮೈಲಿಯ ಆ ಏರುದಾರಿಯಲ್ಲಿ ಅರ್ಧ ದಾಟುವಷ್ಟರಲ್ಲಿ ನಾಲಿಗೆ ಒಣಗಿ, ಕಣ್ಣು ಕತ್ತಲಿಟ್ಟಿತು. ತಡವಾಗಿ ಇಳಿದು ಬರುತ್ತಿದ್ದ ಹಿರಿಯ ಮಹಿಳೆಯೊಬ್ಬರು ನನ್ನನ್ನು ನೆರಳಿಗೆ ಕೂರಿಸಿ, ತಮ್ಮ ನೀರನ್ನು ಕುಡಿಸಿ, ಗುಡ್ಡದ ದಾರಿ ಬೆಳಗಿನ ಜಾವ ನಾಲ್ಕಕ್ಕೇ ತೆರೆದಿರುತ್ತದೆ ಎಂದು ತಿಳಿಸಿದರು. ಇಲ್ಲಿಯ ಒಣಗಾಳಿ ಬೆವರನ್ನು ಬಂದ ಕ್ಷಣವೇ ಹೀರಿಬಿಡುವುದರಿಂದ ಮೈಯ ನೀರು ಖಾಲಿಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ.

ಅಂದಿನಿಂದ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹೋಗಬೇಕಾದ ಪ್ರತಿ ಜಾಗದ ಮುಂದೆ ತಿಂಗಳನ್ನೂ ಗಂಟೆಯನ್ನೂ ಬರೆಯುವುದು, ಆ ಗಂಟೆ ಮೀರಿದರೆ ಆ ದಿನ ಹೋಗದಿರುವುದು ಎಂದು ನಿಯಮ ಮಾಡಿಕೊಂಡೆ. ಈ ಊರಿನಲ್ಲಿ ತಿರುಗಾಟದ ವರ್ಷ ಶುರುವಾಗುವುದು ಬಿಸಿಲು ಇಳಿಯುವ ಅಕ್ಟೋಬರಿನಲ್ಲಿ.

ಜಾನಪದ ವಿದ್ವಾಂಸ ಜಿಮ್ ಗ್ರಿಫಿತ್ 1974ರಲ್ಲಿ ಆರಂಭಿಸಿದ 'ಟೂಸಾನ್ ಮೀಟ್ ಯುವರ್‌ಸೆಲ್ಫ್' ಜಾತ್ರೆ ನಡೆಯುವುದೂ ಅಕ್ಟೋಬರಿನಲ್ಲೇ. ಅಲ್ಲಿ ನಾನು ಮೊದಲ ಸಲ ತೊಹೊನೊ ಓಧಮ್ ಜನರ ವೈಲಾ ಸಂಗೀತವನ್ನು ಕೇಳಿದೆ. ಮರುಭೂಮಿಯ ಮೂಲನಿವಾಸಿಗಳ ಸಂಗೀತವೆಂದರೆ ಡೋಲು, ಕೊಳಲು ಇರಬಹುದೆಂದು ಊಹಿಸಿದ್ದ ನನಗೆ ವೇದಿಕೆಯ ಮೇಲೆ ಅಕಾರ್ಡಿಯನ್ ಮತ್ತು ಸ್ಯಾಕ್ಸೋಫೋನ್ ಕಂಡು ಆಶ್ಚರ್ಯವಾಯಿತು. ಯುರೋಪಿನ ಪೋಲ್ಕಾ ಕುಣಿತ ಮೆಕ್ಸಿಕೋದ ದಾರಿಯಲ್ಲಿ ಇವರಿಗೆ ತಲುಪಿತು; ಸ್ಪ್ಯಾನಿಷಿನಲ್ಲಿ ಕುಣಿತಕ್ಕೆ ಇರುವ 'ಬಾಯ್ಲೆ' ಎಂಬ ಮಾತೇ ಇವರ ಬಾಯಲ್ಲಿ 'ವೈಲಾ' ಆಯಿತು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದವನಿಗೆ, ಹೊರಗಿನಿಂದ ಬಂದ ವಾದ್ಯವನ್ನು ಒಂದು ಜನ ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆ ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ನಾನು ಹಾಡು ಮುಗಿಯುವವರೆಗೂ ಧೂಳಿನಲ್ಲೇ ನಿಂತಿದ್ದೆ.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು. ಇಲ್ಲಿಯ ಬೇಯಿಸಿ ಅರೆದ ಬೀನ್ಸ್ ಕಾಳಿನಲ್ಲೂ ಟಾರ್ಟಿಯಾ ಎಂಬ ಗೋಧಿ ರೊಟ್ಟಿಯಲ್ಲೂ ಹಂದಿಯ ಕೊಬ್ಬು ಇರುವುದು ಸಾಮಾನ್ಯವಾದ್ದರಿಂದ, ಆರ್ಡರ್ ಮಾಡುವ ಮೊದಲು ಕೇಳಿಯೇ ತಿನ್ನಬೇಕು. ಗಡಿಯಾಚೆಯ ಮೆಕ್ಸಿಕೋದ ಸೊನೋರಾ ರಾಜ್ಯದ ಶೈಲಿಯ ದೊಡ್ಡ ಟಾರ್ಟಿಯಾವನ್ನು ಕೈಗಳ ಮೇಲೆ ತೆಳ್ಳಗೆ ಎಳೆದು ಹಿಗ್ಗಿಸುವುದನ್ನು ನೋಡಿದಾಗ, ಬೆಳಗಾವಿಯಲ್ಲಿ ಮಂಡಿಗೆ ಮಾಡುವವರ ಮುಂಗೈಗಳು ಕಣ್ಣೆದುರು ಬಂದವು. ಯುನೆಸ್ಕೋ 2015ರಲ್ಲಿ ಟೂಸಾನನ್ನು ಆಹಾರ ಸಂಸ್ಕೃತಿಯ ನಗರವೆಂದು ಗುರುತಿಸಿತು, ಅಮೆರಿಕದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಇದೇ. ಇಲ್ಲಿ ನಾಲ್ಕು ಸಾವಿರ ವರ್ಷಗಳಿಂದ ಬೇಸಾಯ ನಡೆದಿರುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಬರ ತಡೆಯುವ ಟೆಪರಿ ಎಂಬ ಕಾಳನ್ನು ನಾನು ಸ್ಯಾನ್ ಹಾವಿಯರ್ ಸಹಕಾರಿ ತೋಟದ್ದೇ ತಂದು, ರಾತ್ರಿಯಿಡೀ ನೆನೆಸಿ, ಬಟಾಣಿಗಿಂತ ಸಣ್ಣದಾದ ಚಿಲ್ಟೆಪೀನ್ ಮೆಣಸನ್ನು ಎರಡೇ ಎರಡು ಜಜ್ಜಿ ಹಾಕಿ ಸಾರು ಮಾಡುತ್ತೇನೆ. ಅವರೆಕಾಳಿನ ಸಾರಿಗಿಂತ ಇದು ಮಣ್ಣಿನ ರುಚಿ ಹೆಚ್ಚಿರುವಂಥದ್ದು, ಮುದ್ದೆಗೆ ಚೆನ್ನಾಗಿ ಒಗ್ಗುತ್ತದೆ.

ನವೆಂಬರ್ ಆರಂಭದ ಒಂದು ಭಾನುವಾರ ಸಂಜೆ 'ಆಲ್ ಸೋಲ್ಸ್' ಮೆರವಣಿಗೆ ಹೊರಡುತ್ತದೆ. ತಂದೆಯನ್ನು ಕಳೆದುಕೊಂಡ ಕಲಾವಿದೆಯೊಬ್ಬರು 1990ರಲ್ಲಿ ಇದನ್ನು ಶುರುಮಾಡಿದರು. ಜನ ತಮ್ಮವರ ಭಾವಚಿತ್ರ ಹಿಡಿದು ನಡೆಯುತ್ತಾರೆ. ಚೀಟಿಗಳಲ್ಲಿ ಬರೆದ ಹೆಸರುಗಳನ್ನು ದೊಡ್ಡ ಕುಂಭವೊಂದರಲ್ಲಿ ತುಂಬಿ ಕೊನೆಗೆ ಬೆಂಕಿ ಕೊಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಲಾಗದ ವರ್ಷ ನಾನು ಅಪ್ಪನ ಹೆಸರನ್ನು ಕನ್ನಡದಲ್ಲಿ ಬರೆದು ಅದಕ್ಕೆ ಹಾಕಿದೆ. ಪಕ್ಕದಲ್ಲಿದ್ದವರು ಆ ಅಕ್ಷರಗಳನ್ನು ನೋಡಿ ಹೆಸರನ್ನು ಓದಿ ಹೇಳಲು ಕೇಳಿದರು, ಹೇಳಿದೆ, ಅವರೂ ಒಮ್ಮೆ ಉಚ್ಚರಿಸಿದರು.

ಡಿಸೆಂಬರಿನಿಂದ ಮಾರ್ಚಿಯವರೆಗೆ ಯಾವ ಗಂಟೆಯಾದರೂ ನಡೆಯಬಹುದು, ಅದಕ್ಕೇ ಸವಾರೋ ರಾಷ್ಟ್ರೀಯ ಉದ್ಯಾನವನ್ನು ಆ ತಿಂಗಳುಗಳಿಗೆ ಮೀಸಲಿಡುತ್ತೇನೆ. ಸವಾರೋ ಕಳ್ಳಿಗೆ ಮೊದಲ ತೋಳು ಮೂಡಲು ಸಾಮಾನ್ಯವಾಗಿ ಐವತ್ತರಿಂದ ಎಪ್ಪತ್ತೈದು ವರ್ಷ ಬೇಕೆಂದು ತಿಳಿದ ಮೇಲೆ, ತೋಳಿಲ್ಲದ ಒಂಟಿ ಕಂಬಗಳನ್ನು ನಾನು ಹೆಚ್ಚು ಹೊತ್ತು ನೋಡುತ್ತೇನೆ. ಬಿಸಿಲು ಏರಿದ ದಿನಗಳನ್ನು ಚಿತ್ರಶಾಲೆಗಳಿಗೆ ಕೊಡುವುದು ವಾಸಿ. ಡಿಗ್ರಾಜಿಯಾ ಎಂಬ ಚಿತ್ರಕಾರ ಹಸಿ ಇಟ್ಟಿಗೆಯಲ್ಲಿ ಕಟ್ಟಿಸಿದ ಗ್ಯಾಲರಿ ಕ್ಯಾಟಲೀನಾ ಬೆಟ್ಟದ ಬುಡದಲ್ಲಿದೆ. ವಾರಸುದಾರಿಕೆಯ ತೆರಿಗೆಯನ್ನು ಪ್ರತಿಭಟಿಸಿ ಆತ 1976ರಲ್ಲಿ ತನ್ನ ನೂರರಷ್ಟು ಚಿತ್ರಗಳನ್ನು ತಾನೇ ಸುಟ್ಟ. ಅದು ಸರಿಯೆಂದು ನನಗೆ ಇಂದಿಗೂ ಅನಿಸಿಲ್ಲ. ಆದರೂ ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತೇನೆ, ಏಕೆಂದರೆ ಆ ಗೋಡೆಗಳ ತಂಪು ನಮ್ಮ ಅಜ್ಜಿಯ ಮನೆಯ ಮಣ್ಣಿನ ಗೋಡೆಗಳ ತಂಪೇ.

ಮೇ ಬಂದರೆ ಸವಾರೋ ರಾತ್ರಿ ಹೂ ಬಿಡುತ್ತದೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿಕೊಳ್ಳುತ್ತದೆ. ನೋಡಲು ಸೂರ್ಯೋದಯಕ್ಕೇ ಹೋಗಬೇಕು. ಸೆಕೆ ತಡೆಯದವರು 9,000 ಅಡಿ ಮೀರಿದ ಮೌಂಟ್ ಲೆಮ್ಮನ್‌ಗೆ ಕಾರಿನಲ್ಲಿ ಹೋಗುತ್ತಾರೆ. ನನಗೆ ಮಾತ್ರ ಜೂನ್ ಎಂದರೆ ಜಾಲಿ.

ಇಲ್ಲಿಯ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು. ಬಳ್ಳಾರಿ ಜಾಲಿಯ ಮೂಲವೂ ಅಮೆರಿಕ ಖಂಡವೇ. ನನ್ನನ್ನು ನೋಡಲು ಬಂದಿದ್ದ ಅಮ್ಮ ಅಂಗಳದ ಮರವನ್ನು ಕಂಡವರೇ, "ಇದು ಆಡು ತಿನ್ನೋ ಕಾಯಲ್ವೇನೋ" ಎಂದರು. ತೊಹೊನೊ ಓಧಮ್ ಜನ ತಲೆಮಾರುಗಳಿಂದ ಈ ಕಾಯಿಯ ಹಿಟ್ಟನ್ನು ಉಂಡವರು. ನಾನು ಕಲಿತ ಕ್ರಮ ಹೀಗೆ: ಮಳೆ ಬೀಳುವ ಮೊದಲೇ, ಹುಲ್ಲಿನ ಬಣ್ಣಕ್ಕೆ ತಿರುಗಿ ಮುಟ್ಟಿದರೆ ಕಳಚುವ ಕಾಯಿಯನ್ನು ಮರದಿಂದಲೇ ಕೀಳಬೇಕು, ನೆಲಕ್ಕೆ ಬಿದ್ದು ತೇವ ಕಂಡದ್ದಕ್ಕೆ ಬೂಷ್ಟು ಹಿಡಿದಿರುತ್ತದೆ. ಒಂದೊಂದು ಮರದ್ದೂ ಒಂದೊಂದು ರುಚಿ, ಆದ್ದರಿಂದ ಮೊದಲು ಒಂದನ್ನು ಅಗಿದು ನೋಡಿ, ಕಹಿ ಇಲ್ಲದ ಮರವನ್ನೇ ಆರಿಸುತ್ತೇನೆ. ಸಿಪ್ಪೆಯ ಮೇಲಿನ ಸೂಜಿಮೊನೆಯಂಥ ದುಂಡು ತೂತುಗಳು ಜೀರುಂಡೆ ಹೊರಬಂದ ಗುರುತು, ಅದರಿಂದ ತೊಂದರೆಯಿಲ್ಲ. ಬಗ್ಗಿಸಿದರೆ ಚಟ್ಟೆಂದು ಮುರಿಯುವವರೆಗೆ ಒಣಗಿಸಬೇಕು. ಮೊದಲ ವರ್ಷ ಅರೆ ಒಣಗಿದ್ದನ್ನು ಮಿಕ್ಸಿಗೆ ಹಾಕಿ, ಕಾಯಿಯ ಸಕ್ಕರೆ ಅಂಟಾಗಿ ಬ್ಲೇಡ್ ಕಚ್ಚಿಕೊಂಡು, ಮೋಟಾರು ಸುಟ್ಟಿತ್ತು. ಬೀಜ ಕಲ್ಲಿನಷ್ಟು ಗಟ್ಟಿ. ಗಿರಣಿಯಲ್ಲಿ ಬೀಸಿಸಿ ಜರಡಿ ಹಿಡಿಯುವುದೇ ಸರಿ. ಒಂದು ಪಾಲು ಈ ಹಿಟ್ಟಿಗೆ ಮೂರು ಪಾಲು ಜೋಳದ ಹಿಟ್ಟು ಸೇರಿಸಿ ರೊಟ್ಟಿ ತಟ್ಟಿದರೆ ಬೆಲ್ಲದ ಪರಿಮಳ ಏಳುತ್ತದೆ. ಉರಿ ಸಣ್ಣದಿರಬೇಕು, ಸಿಹಿ ಬೇಗ ಸೀಯುತ್ತದೆ.

ಅಮ್ಮ ಬಂದಿದ್ದ ವರ್ಷ ಜುಲೈ ಮೊದಲ ವಾರದ ಮಧ್ಯಾಹ್ನ ಕಾಯಿಯನ್ನು ಬಿಳಿ ಪಂಚೆಯ ಮೇಲೆ ಹರಡಿದ್ದೆವು. ಕ್ಯಾಟಲೀನಾ ಬೆಟ್ಟದ ಮೇಲೆ ಮೋಡ ಕಪ್ಪಾಗಿ, ಎಲ್ಲಿಯೋ ಬಿದ್ದ ಮಳೆಗೆ ನೆಂದ ಕ್ರಿಯೊಸೋಟ್ ಪೊದೆಗಳ ಘಾಟು ವಾಸನೆ ಗಾಳಿಯಲ್ಲಿ ತೇಲಿ ಬಂತು. ಅಮ್ಮ ಪಂಚೆಯ ಎರಡು ಮೂಲೆ ಹಿಡಿದರು, ನಾನು ಎರಡು ಹಿಡಿದೆ. ಮೊದಲ ಹನಿಗಳು ಅಂಗಳದ ಮಣ್ಣಿಗೆ ಬೀಳುವಷ್ಟರಲ್ಲಿ ಕಾಯಿಯೆಲ್ಲ ಒಳಗೆ ಬಂದಿತ್ತು.