ಗ್ಯಾಸ್ ಮೊದಲು ಮುಗಿಯುತ್ತದೋ, ಆಕ್ಸಿಜನ್ನೋ? ದಹನದ ಲೆಕ್ಕ ಬಿಡಿಸುವ ಬಗೆ

ಡೊಂಬಿವಲಿ, ಠಾಣೆ, ಮಾಟುಂಗಾದ ಕನ್ನಡ ಮನೆಗಳ ಮಕ್ಕಳು 11ನೇ ತರಗತಿಗೆ ಕಾಲಿಟ್ಟ ಕೂಡಲೇ ರಸಾಯನಶಾಸ್ತ್ರದ ಒಂದು ಲೆಕ್ಕ ಎದುರಾಗುತ್ತದೆ. ಇಷ್ಟು ಗ್ರಾಂ ಇಂಧನ, ಇಷ್ಟು ಗ್ರಾಂ ಆಕ್ಸಿಜನ್. ಉರಿಸಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಎರಡರಲ್ಲಿ ಮೊದಲು ಮುಗಿಯುವುದೇ ಲಿಮಿಟಿಂಗ್ ರಿಯಾಕ್ಟೆಂಟ್. ಅದು ಮುಗಿದರೆ ಉರಿಯೂ ನಿಂತಿತು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲೇ ಇರಲಿ, ಲೆಕ್ಕವನ್ನು ಮನೆಮಾತಿನಲ್ಲಿ ಒಮ್ಮೆ ಯೋಚಿಸಿ ನೋಡಿ. ಬೇಗ ತಲೆಗೆ ಹತ್ತುತ್ತದೆ.

ಅಡುಗೆ ಸಿಲಿಂಡರಿನ ಎಲ್‌ಪಿಜಿಯಲ್ಲಿ ಇರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ನಾವು ಪ್ರೊಪೇನ್ ತೆಗೆದುಕೊಳ್ಳೋಣ. 22 ಗ್ರಾಂ ಪ್ರೊಪೇನ್, 64 ಗ್ರಾಂ ಆಕ್ಸಿಜನ್ ಇವೆ. ಪೂರ್ತಿ ದಹನ ಆಗುತ್ತದೆ ಎಂದಿಟ್ಟುಕೊಳ್ಳಿ.

ಮೊದಲು ಸಮೀಕರಣ ಸರಿದೂಗಿಸಿ. ಪ್ರೊಪೇನಿನ ಒಂದು ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್ ಪರಮಾಣುಗಳಿವೆ. ಆದ್ದರಿಂದ 3 ಕಾರ್ಬನ್ ಡೈಆಕ್ಸೈಡ್, 4 ನೀರು. ಇವಕ್ಕೆ ಬೇಕಾದ ಆಕ್ಸಿಜನ್ ಪರಮಾಣು 6 ಮತ್ತು 4, ಒಟ್ಟು 10. ಅಂದರೆ 5 ಆಕ್ಸಿಜನ್ ಅಣು.

1 ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು

ಆಕ್ಸಿಜನ್ನನ್ನು ಯಾವಾಗಲೂ ಕೊನೆಗೆ ಸರಿದೂಗಿಸಿ. ಬ್ಯೂಟೇನಿಗೆ ಆರೂವರೆ ಬರುತ್ತದೆ, ಗಾಬರಿ ಬೇಡ. ಎಲ್ಲವನ್ನೂ ಎರಡರಿಂದ ಗುಣಿಸಿದರಾಯಿತು.

ಆಮೇಲೆ ಗ್ರಾಂ ಬಿಟ್ಟು ಮೋಲ್‌ಗೆ ಬನ್ನಿ. ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ. ಒಂದು ಮೋಲ್ ಪ್ರೊಪೇನ್ 44 ಗ್ರಾಂ, ಒಂದು ಮೋಲ್ ಆಕ್ಸಿಜನ್ 32 ಗ್ರಾಂ. ಪ್ರೊಪೇನ್: 22 ÷ 44 = 0.5 ಮೋಲ್. ಆಕ್ಸಿಜನ್: 64 ÷ 32 = 2 ಮೋಲ್.

ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ಗ್ರಾಂ ನೋಡಿದರೂ ಆಕ್ಸಿಜನ್ ಜಾಸ್ತಿ, ಮೋಲ್ ನೋಡಿದರೂ ಆಕ್ಸಿಜನ್ ಜಾಸ್ತಿ. ಹಾಗಾದರೆ ಮೊದಲು ಮುಗಿಯುವುದು ಪ್ರೊಪೇನ್ ಅಲ್ವಾ? ಅಲ್ಲ. ಎಷ್ಟು ಇದೆ ಎನ್ನುವುದಷ್ಟೇ ಸಾಲದು, ಎಷ್ಟು ಬೇಕು ಎನ್ನುವುದನ್ನೂ ನೋಡಬೇಕು. ಒಂದು ಮೋಲ್ ಪ್ರೊಪೇನ್ 5 ಮೋಲ್ ಆಕ್ಸಿಜನ್ ಕೇಳುತ್ತದೆ. ಅರ್ಧ ಮೋಲ್‌ಗೆ ಎರಡೂವರೆ ಬೇಕು. ನಮ್ಮಲ್ಲಿರುವುದು ಎರಡೇ.

ಇದನ್ನು ಬೇಗ ಕಂಡುಹಿಡಿಯಲು ಪ್ರತಿ ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕೆಯಿಂದ ಭಾಗಿಸಿ. ಪ್ರೊಪೇನ್ 0.5 ÷ 1 = 0.5. ಆಕ್ಸಿಜನ್ 2 ÷ 5 = 0.4. ಚಿಕ್ಕದು ಆಕ್ಸಿಜನ್, ಅದೇ ಲಿಮಿಟಿಂಗ್. ಈ 0.4 ಹೋಲಿಸಿ ನೋಡುವುದಕ್ಕೆ ಮಾತ್ರ, ಆಕ್ಸಿಜನ್ನಿನ ಪ್ರಮಾಣ ಈಗಲೂ 2 ಮೋಲೇ.

ಮುಂದಿನದೆಲ್ಲ ಆಕ್ಸಿಜನ್ನಿನಿಂದಲೇ. ಕಾರ್ಬನ್ ಡೈಆಕ್ಸೈಡ್: 2 × 3/5 = 1.2 ಮೋಲ್. ಅದರ ಒಂದು ಮೋಲ್ 44 ಗ್ರಾಂ, ಅಂದರೆ 52.8 ಗ್ರಾಂ. ನೀರು: 2 × 4/5 = 1.6 ಮೋಲ್. ಒಂದು ಮೋಲ್ 18 ಗ್ರಾಂ, ಅಂದರೆ 28.8 ಗ್ರಾಂ. ಉರಿದ ಪ್ರೊಪೇನ್ 0.4 ಮೋಲ್, 17.6 ಗ್ರಾಂ. ಉಳಿದದ್ದು 4.4 ಗ್ರಾಂ. ಪ್ರೊಪೇನ್ ಹಿಡಿದು ಲೆಕ್ಕ ಹಾಕಿದ್ದರೆ ಕಾರ್ಬನ್ ಡೈಆಕ್ಸೈಡ್ 66 ಗ್ರಾಂ ಬರುತ್ತಿತ್ತು. ಸಿಇಟಿಯಂಥ ಪ್ರವೇಶ ಪರೀಕ್ಷೆಯಲ್ಲಿ ಆರಿಸಲು ಕೊಡುವ ನಾಲ್ಕು ಉತ್ತರಗಳಲ್ಲಿ ಇಂಥ ಅಂಕೆ ಇರಬಹುದು, ಹುಷಾರು.

ತಾಳೆ ನೋಡದೆ ಪೆನ್ನು ಕೆಳಗಿಡಬೇಡಿ. ಮೊದಲು ಇದ್ದದ್ದು 22 + 64 = 86 ಗ್ರಾಂ. ಕೊನೆಗೆ 52.8 + 28.8 + 4.4, ಅದೂ 86. ಅರ್ಧ ನಿಮಿಷದ ಈ ಕೆಲಸ ಬಹಳಷ್ಟು ತಪ್ಪುಗಳನ್ನು ಹಿಡಿದುಕೊಡುತ್ತದೆ.

ಒಂದು ಮಾತು ಹೇಳಲೇಬೇಕು. ಆಕ್ಸಿಜನ್ ಸಾಲದಿದ್ದಾಗ ಇಂಧನ ಹೀಗೆ ಸುಮ್ನೆ ಉಳಿದುಬಿಡುವುದು ಪುಸ್ತಕದ ಲೆಕ್ಕದಲ್ಲಿ ಮಾತ್ರ. ನಿಜವಾಗಿ ಅದು ಅರೆಬರೆ ಉರಿದು ಮಸಿ ಮತ್ತು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಜೀವ ತೆಗೆಯಬಲ್ಲದು. ಮುಂಬೈ ಫ್ಲಾಟುಗಳ ಪುಟ್ಟ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟು ಕಿಟಕಿ ಮುಚ್ಚಿದರೆ ಅಲ್ಲಿ ಲಿಮಿಟಿಂಗ್ ಆಗುವುದು ಆಕ್ಸಿಜನ್ನೇ. ಗೀಸರ್ ಹೊರಗಿರಲಿ, ಗಾಳಿಯಾಡುವ ಜಾಗದಲ್ಲಿರಲಿ.

ಈಗ ನೀವೇ ಒಂದು ಬಿಡಿಸಿ. ಪೈಪಿನಲ್ಲಿ ಬರುವ ಗ್ಯಾಸ್ ಬಹುಪಾಲು ಮೀಥೇನ್. ಒಂದು ಮೀಥೇನಿಗೆ 2 ಆಕ್ಸಿಜನ್ ಬೇಕು, ಬರುವುದು 1 ಕಾರ್ಬನ್ ಡೈಆಕ್ಸೈಡ್, 2 ನೀರು. 8 ಗ್ರಾಂ ಮೀಥೇನ್, 40 ಗ್ರಾಂ ಆಕ್ಸಿಜನ್ ಇದ್ದರೆ? ಮೀಥೇನಿನ ಒಂದು ಮೋಲ್ 16 ಗ್ರಾಂ. ಉತ್ತರ: ಮೊದಲು ಮುಗಿಯುವುದು ಮೀಥೇನ್. ಕಾರ್ಬನ್ ಡೈಆಕ್ಸೈಡ್ 22 ಗ್ರಾಂ, ನೀರು 18 ಗ್ರಾಂ, ಉಳಿಯುವ ಆಕ್ಸಿಜನ್ 8 ಗ್ರಾಂ.